ಮುಕ್ತವಿದ್ಯೆಯೂ ದೀಪದ ಮಾನ್ಯವೂ

೧

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಊರ ಗದ್ದಲವನ್ನು ದಾಟಿ ಮುಂದುವರಿದರೆ ಎಲೆಕ್ಟ್ರಾನಿಕ್ ಸಿಟಿಯೆಂಬ ಹೊಸ ನಗರವು ಎದುರಾಗುವುದು. ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ೧೯೭೮ರಲ್ಲಿ ೩೩೨ ಎಕರೆ ನೆಲದ ಮೇಲೆ ಇದಕ್ಕೆ ಅಸ್ತಿಭಾರವನ್ನು ಹಾಕಿತು. ಆ ನೆಲವು ಯಾವ ಊರಿನದೆಂದು ಕೇಳಿದರೆ ದೊಡ್ಡತೋಗೂರು, ಕೋನಪ್ಪನ ಅಗ್ರಹಾರ ಎಂಬ ಎರಡು ಹಳ್ಳಿಗಳ ಹೆಸರು ಬರುತ್ತದೆ. ಪೂರ್ವದಿಕ್ಕಿನ ವೈಟ್‌ಫೀಲ್ಡಿಗೆ ಹೋದರೂ ಇದೇ ಮಾತು. ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ನೆಲೆಗೊಂಡ ಆ ಸಣ್ಣ ಊರಿನ ಬಳಿಯಲ್ಲಿ, ೧೯೯೦ರ ದಶಕದಲ್ಲಿ ಎದ್ದ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಎಂಬ ಸೌಧಸಮೂಹವು ನಿಂತಿರುವುದು ಪಟ್ಟಂದೂರು ಅಗ್ರಹಾರದ ಎಲ್ಲೆಯಲ್ಲಿ.

ಅಗ್ರಹಾರವೆಂದರೇನೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ಓದಿದವರು ಹೊಟ್ಟೆಯ ಚಿಂತೆಯಿಲ್ಲದೆ ಓದಿಸುತ್ತಿರಲೆಂದು ಅರಸರು ಕರವನ್ನು ಬಿಟ್ಟು ಕೊಟ್ಟ ಊರು ಅದು. ಅಂಥ ಎರಡು ಹೆಸರಿನ ಊರುಗಳಲ್ಲಿಯೇ ಗಣಕಯಂತ್ರದ ಎರಡು ಮಹಾನಗರಿಗಳು ಬೆಳೆದದ್ದು ಕೇವಲ ಕಾಕತಾಳೀಯವೆನ್ನಬೇಕು. ಆದರೂ ಆ ಹೆಸರುಗಳು ನನ್ನನ್ನು ಒಂದು ಯೋಚನೆಗೆ ಹಚ್ಚಿದವು. ಏಕೆಂದರೆ ಈಗ ಅಂತರ್ಜಾಲದ ಮೂಲಕ ದೇಶದ ಹಿರಿಯ ವಿದ್ಯಾಸಂಸ್ಥೆಗಳ ಪಾಠವು ಶುಲ್ಕವಿಲ್ಲದೆ ಎಲ್ಲರ ಮನೆಬಾಗಿಲಿಗೂ ಬಂದಿದೆಯೆಂದೂ, ಕೈಯಲ್ಲೊಂದು ಮೊಬೈಲು ಇದ್ದವನಿಗೆ ಇನ್ನು ವಿದ್ಯೆಗೆ ಕೊರತೆಯಿಲ್ಲವೆಂದೂ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಈ ಮಾತು ಎಷ್ಟುಮಟ್ಟಿಗೆ ನಿಜ? ವಿದ್ಯೆಯನ್ನು ಬೆಲೆಯಿಲ್ಲದೆ ಕೊಡುವ ಪ್ರಯತ್ನವು ನಮ್ಮ ನಾಡಿಗೆ ಹೊಸದೆ? ಹಿಂದೆ ಅದು ನಡೆದಾಗ ಯಾವುದರಿಂದ ನಿಂತಿತು, ಯಾವುದರಿಂದ ಬಿದ್ದಿತು? ಈ ಪ್ರಶ್ನೆಗಳನ್ನು ಚರಿತ್ರೆಯ ಮುಂದಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

೨

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿಯೆಂಬ ಊರಿದೆ. ಅದರ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನೆಂಬವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದುದನ್ನು ಶಕ ೮೬೭ರ, ಎಂದರೆ ಕ್ರಿ. ಶ. ೯೪೫ರ, ಕಂಬದ ಶಾಸನವು ತಿಳಿಸುತ್ತದೆ. ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಅವರ ವಾಸಕ್ಕೆ ೨೭ ಮನೆಗಳಿದ್ದವು. ಉಪಾಧ್ಯಾಯನ ಜೀವನಕ್ಕೆಂದು ಭೂಮಿಯನ್ನು ಬಿಟ್ಟಿದ್ದರು. ಇವೆಲ್ಲವೂ ನಾವು ನಿರೀಕ್ಷಿಸತಕ್ಕ ಸಂಗತಿಗಳೇ. ಆದರೆ ಅದೇ ಶಾಸನದಲ್ಲಿ ಇನ್ನೊಂದು ದತ್ತಿಯ ಮಾತಿದೆ: ದೀಪಕ್ಕಾಗಿಯೇ ಬೇರೆಯಾಗಿ ಹೊಲವನ್ನು ಬಿಟ್ಟಿದ್ದರು. ಊರಿನ ಮನೆಗಳಲ್ಲಿ ಮದುವೆ, ಮುಂಜಿ, ಚೌಲಗಳು ನಡೆದಾಗ ಶಾಲೆಗೆ ಇಷ್ಟು ಕಾಣಿಕೆ ಸಲ್ಲಬೇಕೆಂಬ ಕಟ್ಟಳೆಯೂ ಇದ್ದಿತು.

ಈ ದೀಪದ ಹೊಲವನ್ನು ಕುರಿತು ನಾವು ಸ್ವಲ್ಪ ಯೋಚಿಸಬೇಕು. ಶಾಸನವನ್ನು ಬರೆಸಿದವನು ವಿದ್ಯೆಯ ಮಹಿಮೆಯನ್ನಷ್ಟೇ ಹೊಗಳಿ ಸುಮ್ಮನಾಗಲಿಲ್ಲ. ಓದುವವನು ಹಗಲಿನಲ್ಲಿ ಕೇಳಿದುದನ್ನು ರಾತ್ರಿ ಕುಳಿತು ಮನನಮಾಡಬೇಕು. ಅದಕ್ಕೆ ಬೆಳಕು ಬೇಕು. ಬೆಳಕಿಗೆ ಎಣ್ಣೆ ಬೇಕು. ಎಣ್ಣೆಗೆ ಎಳ್ಳು ಬೇಕು. ಎಳ್ಳಿಗೆ ನೆಲ ಬೇಕು. ಈ ಲೆಕ್ಕವನ್ನು ಅವನು ಕಡೆಯವರೆಗೂ ಹಾಕಿದನು. ಪಾಠವು ಉಚಿತವಾದ ಮಾತ್ರಕ್ಕೆ ಓದು ಉಚಿತವಾಗುವುದಿಲ್ಲವೆಂಬ ತಿಳಿವಳಿಕೆಯು ಆ ಕಾಲದವರಿಗೆ ಇದ್ದಿತು.

ಕಲಬುರಗಿಯ ಸೀಮೆಯ ನಾಗಾವಿಯ ಘಟಿಕಾಸ್ಥಾನವು ಇದಕ್ಕೆ ಇನ್ನೊಂದು ನಿದರ್ಶನ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ ೧೦೫೮ರ ಶಾಸನವು ಅಲ್ಲಿನ ವೇದಶಾಸ್ತ್ರಗಳ ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಹೇಳುವುದಲ್ಲದೆ, ೬ ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುತ್ತದೆ. ಪುಸ್ತಕವಿದ್ದರೆ ಸಾಲದು, ಅದನ್ನು ತೆಗೆದು ಕೈಗೆ ಕೊಡುವವನೂ ಬೇಕೆಂಬುದನ್ನು ಅವರು ಅರಿತಿದ್ದರು. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನದಲ್ಲಂತೂ ನಾಲ್ಕು ವೇದಗಳ ಮತ್ತು ಹಲವು ವ್ಯಾಕರಣಗಳ ಪಾಠದ ಜೊತೆಯಲ್ಲಿಯೇ ದೀನರಿಗೂ ಅಂಧರಿಗೂ ಅನ್ನ, ರೋಗಿಗಳಿಗೆ ಔಷಧ ಎಂಬ ಮಾತು ಬರುತ್ತದೆ. ಒಂದೇ ಅಂಗಳದಲ್ಲಿ ಪಾಣಿನಿಯೂ ಇದ್ದನು, ಅನ್ನದ ಹಂಡೆಯೂ ಇದ್ದಿತು.

ಇಷ್ಟು ಹೊಗಳಿದ ಮೇಲೆ ಒಂದು ಲೋಪವನ್ನು ಮರೆಮಾಚುವುದು ಚರಿತ್ರೆಗೆ ಅಪಚಾರವಾದೀತು. ಈ ದೀಪಗಳ ಬೆಳಕು ಎಲ್ಲರ ಮೇಲೂ ಬೀಳಲಿಲ್ಲ. ವೇದಶಾಲೆಯ ಬಾಗಿಲು ಕುಲವನ್ನು ಕೇಳಿ ತೆರೆಯುತ್ತಿತ್ತು. ಎಳ್ಳನ್ನು ಬೆಳೆದ ಒಕ್ಕಲಿನವನ ಮಗನೂ, ಆ ಮನೆಯ ಹೆಣ್ಣುಮಕ್ಕಳೂ, ಗಾಣದವನೂ ಹೊರಗೆಯೇ ಉಳಿದರು. ನಾನು ಸಂಸ್ಕೃತ ಪಾಠಶಾಲೆಯ ಅನ್ನವನ್ನು ಉಂಡವನು. ಈ ಮಾತನ್ನು ಹೇಳುವುದು ನನಗೆ ಸುಲಭವಲ್ಲ. ಆದರೆ ಹೇಳದಿದ್ದರೆ ಈಚಿನ ಮುಕ್ತವಿದ್ಯೆಯ ನಿಜವಾದ ದೊಡ್ಡತನವೇ ನಮಗೆ ಕಾಣದೆ ಹೋಗುವುದು. ಆ ಕಾಲದಲ್ಲಿ ದೀಪವಿದ್ದಿತು, ಬಾಗಿಲು ಮುಚ್ಚಿದ್ದಿತು. ಈ ಕಾಲದಲ್ಲಿ ಬಾಗಿಲು ತೆರೆದಿದೆ. ದೀಪವೆಲ್ಲಿ ಎಂಬುದು ಪ್ರಶ್ನೆ.

೩

ಬಾಗಿಲನ್ನು ತೆರೆಯುವ ಕೆಲಸವು ಈಚಿನ ಕಾಲದಲ್ಲಿ ಹಂತಹಂತವಾಗಿ ನಡೆಯಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿತು. ಆಗ ಉನ್ನತವಿದ್ಯೆಯ ಭಾಷೆ ಇಂಗ್ಲಿಷು. ಅದನ್ನರಿಯದವರಿಗೆ ಹೊಸ ಶಾಸ್ತ್ರಗಳನ್ನು ಮುಟ್ಟಿಸಬೇಕೆಂದು ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕಾಲೇಜಿನ ಗೋಡೆಯೊಳಗಿನ ವಿದ್ಯೆಯನ್ನು ಗೋಡೆಯ ಹೊರಕ್ಕೆ, ಕನ್ನಡದಲ್ಲಿ, ತರಬೇಕೆಂಬ ಆಸೆಯು ಅಷ್ಟು ಹಿಂದಿನದು. ಆದರೆ ಆ ಪತ್ರಿಕೆಯು ಎರಡೇ ವರ್ಷ ನಡೆದು ನಿಂತುಹೋಯಿತು. ಬರೆಯುವವರಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಅದನ್ನು ಉಳಿಸಿಕೊಳ್ಳುವ ಬಲವು ಸಾಲದೆ ಹೋಯಿತು.

ಆಮೇಲೆ ವಿಶ್ವವಿದ್ಯಾನಿಲಯದ ಪಂಡಿತರು ಹಳ್ಳಿಪೇಟೆಗಳಿಗೆ ಹೋಗಿ ಮಾಡಿದ ಪ್ರಚಾರೋಪನ್ಯಾಸಗಳೂ, ಕಡಮೆ ಬೆಲೆಗೆ ಅಚ್ಚಾದ ಪುಟ್ಟ ಪುಸ್ತಕಗಳೂ ಬಂದವು. ೧೯೪೦ರ ದಶಕದಲ್ಲಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಕೆಲಸಕ್ಕೆ ತೊಡಗಿತು. ಅದು ಅಕ್ಷರವನ್ನು ಕಲಿಸಿ ಕೈಬಿಡಲಿಲ್ಲ. ಹೊಸದಾಗಿ ಓದಲು ಕಲಿತವರಿಗೆಂದು ‘ಬೆಳಕು’ ಎಂಬ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ವೆಂಬ ಮಾಸಪತ್ರಿಕೆಯನ್ನೂ ನಡೆಸಿತು, ಡೆನ್ಮಾರ್ಕ್ ದೇಶದ ಜನತಾಶಾಲೆಗಳ ಮೇಲ್ಪಂಕ್ತಿಯನ್ನನುಸರಿಸಿ ನಂಜನಗೂಡು ಮೊದಲಾದ ಕಡೆ ವಿದ್ಯಾಪೀಠಗಳನ್ನು ತೆರೆದು ರೈತಯುವಕರಿಗೆ ವಸತಿಯೊಡನೆ ಪಾಠವನ್ನು ಹೇಳಿಸಿತು. ಸಾಲೋಟಗಿಯ ನಾರಾಯಣನ ಲೆಕ್ಕವನ್ನೇ ಇವರೂ ಹಾಕಿದರು. ಕುಲವನ್ನು ಮಾತ್ರ ಕೇಳಲಿಲ್ಲ.

೧೯೬೯ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣವು ಮೊದಲಾಯಿತು. ಗುಮಾಸ್ತರು, ಗೃಹಿಣಿಯರು, ಹಳ್ಳಿಯ ಉಪಾಧ್ಯಾಯರು ಅಂಚೆಯವನ ಚೀಲದಿಂದ ಬಂದ ಪಾಠಗಳನ್ನೋದಿ ಪದವೀಧರರಾದರು. ಆ ಸಂಸ್ಥೆಯೇ ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ೨೦೧೫ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಅದರ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ೨೦೧೮ರಲ್ಲಿ ಅದು ಮತ್ತೆ ದೊರೆಯಿತು. ನಡುವಣ ಆ ವರ್ಷಗಳಲ್ಲಿ ಕಷ್ಟಪಟ್ಟು ಓದಿದವರ ಗತಿಯೇನೆಂಬ ಕಳವಳವು ಅನೇಕ ಮನೆಗಳನ್ನು ಹೊಕ್ಕಿತು. ಓದಿದ ವಿದ್ಯೆಯು ತಲೆಯಲ್ಲಿ ಉಳಿದರೂ ಅದರ ಮೇಲಿನ ಮುದ್ರೆಯು ಸಂದೇಹಕ್ಕೊಳಗಾದರೆ ಬಡವನಿಗೆ ಅನ್ನವು ಸಂದೇಹವಾಗುವುದು. ಇದು ನೆನಪಿನಲ್ಲಿಡತಕ್ಕ ಪಾಠ.

ಆಕಾಶದಿಂದಲೂ ಒಮ್ಮೆ ವಿದ್ಯೆಯು ಇಳಿದುಬಂದಿತು. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷಕಾಲ, ಅಮೆರಿಕೆಯವರು ಎರವಲು ಕೊಟ್ಟ ಎ.ಟಿ.ಎಸ್.-೬ ಎಂಬ ಉಪಗ್ರಹದ ಮೂಲಕ, ದೇಶದ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಆ ಭಾಗ್ಯವು ಒದಗಿತು. ಕಾರ್ಯಕ್ರಮಗಳು ಕನ್ನಡದಲ್ಲಿಯೇ ಇದ್ದವು. ೧೯೭೬ರ ಜುಲೈ ೩೧ಕ್ಕೆ ಅವಧಿಯು ಮುಗಿಯಿತು. ಉಪಗ್ರಹವನ್ನು ಅವರು ಹಿಂದಕ್ಕೆ ಕರೆದುಕೊಂಡರು. ನಮ್ಮದೇ ಆದ ಎಜುಸ್ಯಾಟ್ ಉಪಗ್ರಹವು ೨೦೦೪ರ ಸೆಪ್ಟೆಂಬರ್ ೨೦ರಂದು ಮೇಲಕ್ಕೇರಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಅದರ ಪ್ರಯೋಜನವನ್ನು ಪಡೆದವು. ಅದೂ ೨೦೧೦ರಲ್ಲಿ ತನ್ನ ಸೇವೆಯನ್ನು ಮುಗಿಸಿತು. ಯಂತ್ರವು ಬರುತ್ತದೆ, ಹೋಗುತ್ತದೆ. ಅದರ ಕೆಳಗೆ ನೆಲದ ಮೇಲೆ ಏನನ್ನು ಕಟ್ಟಿಕೊಂಡೆವೆಂಬುದೇ ಉಳಿಯುವ ಲೆಕ್ಕ.

೪

ಇನ್ನು ಅಂತರ್ಜಾಲದ ಕಾಲಕ್ಕೆ ಬರೋಣ. ೨೦೦೧ರ ಏಪ್ರಿಲಿನಲ್ಲಿ ಅಮೆರಿಕೆಯ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯು ತನ್ನ ಪಾಠಗಳ ಸಾಮಗ್ರಿಯನ್ನು ಲೋಕಕ್ಕೆಲ್ಲ ಉಚಿತವಾಗಿ ತೆರೆದಿಡುವೆನೆಂದು ಸಾರಿತು. ದುಬಾರಿ ಶುಲ್ಕವನ್ನು ತೆಗೆದುಕೊಳ್ಳುವ ಸಂಸ್ಥೆಯೊಂದು ಹಾಗೆ ಹೇಳಿದುದು ಸಾಮಾನ್ಯವಾದ ಔದಾರ್ಯವಲ್ಲ. ಮರುವರ್ಷ ಯುನೆಸ್ಕೋ ಸಂಸ್ಥೆಯ ಸಭೆಯಲ್ಲಿ ಇಂಥ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ವೆಂಬ ಅರ್ಥದ ಹೆಸರನ್ನಿಟ್ಟರು. ಇಲ್ಲಿ ಮುಕ್ತವೆಂದರೆ ನೋಡಲು ಬಿಟ್ಟದ್ದೆಂದು ಮಾತ್ರವಲ್ಲ. ತೆಗೆದುಕೊಂಡು, ತಿದ್ದಿ, ತನ್ನ ಭಾಷೆಗೆ ತಿರುಗಿಸಿ, ಮತ್ತೊಬ್ಬರಿಗೆ ಹಂಚುವ ಅಧಿಕಾರವೂ ಸೇರಿದೆ.

ನಮ್ಮ ದೇಶದಲ್ಲಿ ೨೦೦೩ರಲ್ಲಿ ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯನ್ನು ಆರಂಭಿಸಿ ಎಂಜಿನಿಯರಿಂಗ್ ಮೊದಲಾದ ಶಾಸ್ತ್ರಗಳ ಉಪನ್ಯಾಸಗಳನ್ನು ಚಿತ್ರಿಸಿ ಎಲ್ಲರಿಗೂ ಬಿಟ್ಟುಕೊಟ್ಟವು. ೨೦೧೪ರಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯು ಎಡ್‌ಎಕ್ಸ್ ಎಂಬ ಅಂತರರಾಷ್ಟ್ರೀಯ ವೇದಿಕೆಯನ್ನು ಸೇರಿತು. ೨೦೧೭ರ ಜುಲೈ ೯ರಂದು ಭಾರತ ಸರ್ಕಾರದ ‘ಸ್ವಯಂ’ ಎಂಬ ವೇದಿಕೆಯು ಉದ್ಘಾಟನೆಯಾಯಿತು. ಯಾವನಾದರೂ, ಎಲ್ಲಿಯಾದರೂ, ಹೆಸರನ್ನು ಬರೆಸಿ ಕೇಳಬಹುದು. ಕುಲವನ್ನೂ ಊರನ್ನೂ ವಯಸ್ಸನ್ನೂ ಕೇಳುವವರಿಲ್ಲ. ನಾಗಾವಿಯ ಘಟಿಕೆಯು ಕೆಲವು ನೂರು ಮಂದಿಗೆ ಕೊಟ್ಟುದನ್ನು ಇದು ಲಕ್ಷಾಂತರ ಮಂದಿಗೆ ಕೊಡುತ್ತಿದೆ. ಮಾನವಚರಿತ್ರೆಯಲ್ಲಿ ಹಿಂದೆಂದೂ ನಡೆಯದ ವಿದ್ಯಾದಾನವಿದು. ಇದನ್ನು ಅಲ್ಲಗಳೆಯುವವನು ಕೃತಘ್ನನಾಗುವನು.

ಆದರೆ ದಾನವು ಎಷ್ಟು ಮಂದಿಯ ಕೈಯನ್ನು ಸೇರಿತು? ೨೦೧೧ರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ಪಂಡಿತರು ಕೃತಕ ಬುದ್ಧಿಮತ್ತೆಯನ್ನು ಕುರಿತ ಪಾಠವನ್ನು ಲೋಕಕ್ಕೆ ತೆರೆದಾಗ ಸುಮಾರು ೧,೬೦,೦೦೦ ಮಂದಿ ಹೆಸರನ್ನು ಬರೆಸಿದರು. ಮುಗಿಸಿದವರು ಇಪ್ಪತ್ತು ಸಾವಿರಕ್ಕೆ ಸ್ವಲ್ಪ ಮೇಲೆ. ಹಾರ್ವರ್ಡ್ ಮತ್ತು ಮಸಾಚುಸೆಟ್ಸ್ ಸಂಸ್ಥೆಗಳು ತಮ್ಮ ಮೊದಲ ವರ್ಷದ ೧೭ ಪಾಠಕ್ರಮಗಳ ಲೆಕ್ಕವನ್ನು ಪ್ರಾಮಾಣಿಕವಾಗಿ ಪ್ರಕಟಿಸಿದವು: ಬರೆಸಿದ ಹೆಸರುಗಳು ೮,೪೧,೬೮೭, ಪ್ರಮಾಣಪತ್ರವನ್ನು ಪಡೆದವು ೪೩,೧೯೬, ಹೆಸರನ್ನು ಬರೆಸಿ ಪಾಠದ ಪುಟವನ್ನೇ ತೆರೆಯದೆ ಹೋದವು ೨,೯೨,೮೫೨. ನೂರಕ್ಕೆ ಐದು ಮಂದಿಯು ದಡವನ್ನು ಮುಟ್ಟಿದಂತಾಯಿತು. ಪ್ರಮಾಣಪತ್ರವಿಲ್ಲದೆಯೇ ತಮಗೆ ಬೇಕಾದಷ್ಟನ್ನು ಕಲಿತು ಹೋದವರೂ ಉಂಟು. ಅವರನ್ನು ಸೋತವರೆನ್ನುವುದು ನ್ಯಾಯವಲ್ಲ. ಹಾಗಿದ್ದರೂ ಉಳಿದವರು ಏಕೆ ನಿಂತರೆಂಬುದನ್ನು ಅಂಕಿಗಳು ಹೇಳಲಾರವು. ಅದನ್ನು ನಾನು ಪೀಣ್ಯದಲ್ಲಿ ಕಲಿಯಬೇಕಾಯಿತು.

೫

ಬೆಂಗಳೂರಿನ ವಾಯವ್ಯಕ್ಕೆ, ತುಮಕೂರಿನ ದಾರಿಯಲ್ಲಿ, ೧೯೭೦ರ ದಶಕದಿಂದ ಬೆಳೆದ ಪೀಣ್ಯವೆಂಬ ಕೈಗಾರಿಕಾ ಪ್ರದೇಶವಿದೆ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳು ಇಲ್ಲಿಲ್ಲ; ಸಣ್ಣ ಸಣ್ಣ ಕಾರ್ಖಾನೆಗಳು, ಲೇತುಗಳು, ಪ್ರೆಸ್ಸುಗಳು, ಎರಕದ ಕುಲುಮೆಗಳು. ನನ್ನ ಹಳೆಯ ಶಿಷ್ಯನೊಬ್ಬನು ಹತ್ತನೆಯ ತರಗತಿಯಾದ ಮೇಲೆ ಐ.ಟಿ.ಐ. ಮುಗಿಸಿ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಸಿ.ಎನ್.ಸಿ. ಯಂತ್ರದ ಕೆಲಸಕ್ಕೆ ಸೇರಿದ್ದನು. ಲೆಕ್ಕದಲ್ಲಿ ಚುರುಕಾದ ಹುಡುಗ. ತಂದೆಯು ತೀರಿಕೊಂಡುದರಿಂದ ಕಾಲೇಜಿಗೆ ಹೋಗಲಾಗಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಅವನು ಮನೆಗೆ ಬಂದು, ಲೋಹಗಳನ್ನು ಕಡೆಯುವ ಶಾಸ್ತ್ರವನ್ನು ಕುರಿತ ಹನ್ನೆರಡು ವಾರಗಳ ಪಾಠವೊಂದಕ್ಕೆ ಹೆಸರನ್ನು ಬರೆಸಿರುವುದಾಗಿ ಹೇಳಿದನು. ನನಗೆ ಸಂತೋಷವಾಯಿತು. “ನಮ್ಮ ಕಾಲದಲ್ಲಿ ಗುರುವನ್ನು ಹುಡುಕಿಕೊಂಡು ಹೋಗಬೇಕಾಗಿತ್ತು, ನಿನಗೆ ಗುರುವೇ ಜೇಬಿಗೆ ಬಂದಿದ್ದಾನೆ. ಇನ್ನು ಯಾವ ನೆಪವೂ ಉಳಿಯಲಿಲ್ಲಪ್ಪ,” ಎಂದೆನು.

ಆರನೆಯ ವಾರಕ್ಕೆ ಅವನು ನಿಲ್ಲಿಸಿದನೆಂದು ಮತ್ತೊಬ್ಬ ಶಿಷ್ಯನಿಂದ ತಿಳಿಯಿತು. ದಾರಿಯಲ್ಲಿ ಕಂಡಾಗ ನಾನು ನಾಲ್ಕು ಜನರ ಮುಂದೆ ಗದರಿಕೊಂಡೆನು: ದುಡ್ಡು ಕೊಡದೆ ಬಂದದ್ದಕ್ಕೆ ಬೆಲೆಯಿಲ್ಲವೆಂದೂ, ಮನಸ್ಸು ದೃಢವಾಗಿದ್ದರೆ ಹೀಗಾಗುತ್ತಿರಲಿಲ್ಲವೆಂದೂ ಹೇಳಿದೆನು. ಅವನು ತಲೆತಗ್ಗಿಸಿ, “ಪಾಠ ದುಡ್ಡು ಕೇಳೋದಿಲ್ಲ ಮೇಷ್ಟ್ರೇ, ನಿದ್ದೆ ಕೇಳುತ್ತೆ,” ಎಂದಷ್ಟೇ ಹೇಳಿ ಹೊರಟುಹೋದನು. ಆಮೇಲೆ ಅವನು ನಮ್ಮ ಮನೆಗೆ ಬರಲಿಲ್ಲ.

ಆ ಮಾತು ನನ್ನನ್ನು ಬಿಡಲಿಲ್ಲ. ತಿಂಗಳೊಂದು ಕಳೆದ ಮೇಲೆ ನಾನೇ ಅವನ ಕೋಣೆಯನ್ನು ಹುಡುಕಿಕೊಂಡು ಹೋದೆನು. ತಗಡಿನ ಸೂರಿನ ಒಂದು ಕೋಣೆ, ನಾಲ್ವರು ಹುಡುಗರು, ಮೂರು ಮಂಚ. ಪಾಳಿಯ ಕೆಲಸವಾದುದರಿಂದ ಒಬ್ಬನು ಎದ್ದ ಹಾಸಿಗೆಯಲ್ಲಿ ಇನ್ನೊಬ್ಬನು ಮಲಗುವನು. ಆದಕಾರಣ ಹಗಲಿನಲ್ಲಿಯೂ ರಾತ್ರಿಯಲ್ಲಿಯೂ ಅಲ್ಲಿ ದೀಪವನ್ನು ಆರಿಸಿಯೇ ಇರಬೇಕು. ಮೊಬೈಲಿನ ಧ್ವನಿಯೂ ಕೇಳಿಸಕೂಡದು. ಪಾಠದ ಅಭ್ಯಾಸಪತ್ರವನ್ನು ಗೊತ್ತಾದ ದಿನಕ್ಕೆ ಒಪ್ಪಿಸಬೇಕು. ರಾತ್ರಿಯ ಪಾಳಿಯ ವಾರದಲ್ಲಿ ಆ ದಿನವು ತಪ್ಪಿತು. ಉಪನ್ಯಾಸವು ಇಂಗ್ಲಿಷು. ಯಂತ್ರದ ಮುಂದೆ ನಿಂತು ಅವನು ದಿನವೂ ಮಾಡುವ ಕೆಲಸವನ್ನೇ ಅದು ವರ್ಣಿಸುತ್ತಿದ್ದರೂ ಮಾತು ಓಡುವ ವೇಗಕ್ಕೆ ಅವನ ಕಿವಿ ನಿಲುಕಲಿಲ್ಲ. ಒಂದು ಸಮೀಕರಣದ ಬಳಿಯಲ್ಲಿ ಮೂರು ದಿನ ನಿಂತನಂತೆ. ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ. ಕಾಲೇಜಿನಲ್ಲಿ ಓದುವ ಹುಡುಗರು ಇದೇ ಪಾಠವನ್ನು ಕೇಳುವಾಗ ಅಲ್ಲಲ್ಲಿಯೇ ಇರುವ ಸ್ಥಾನಿಕ ಕೇಂದ್ರದ ಅಧ್ಯಾಪಕನು ನೆರವಾಗುವನು. ಕಾರ್ಖಾನೆಯ ಹುಡುಗನಿಗೆ ಅಂಥವರಾರು?

ಅಂದು ನನಗೆ ನನ್ನ ಬಾಲ್ಯವು ನೆನಪಾಗಿ ನಾಚಿಕೆಯಾಯಿತು. ನಾನು ಪಾಠಶಾಲೆಯಲ್ಲಿ ಓದಿದ್ದು ವಾರಾನ್ನದಿಂದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಗುರುಗಳು ಕಾಸನ್ನೂ ಮುಟ್ಟದೆ ಪಾಠ ಹೇಳಿದರು, ನಿಜ. ಆದರೆ ಏಳು ಮನೆಯ ತಾಯಂದಿರು ಬಡಿಸಿದರು. ಜಗಲಿಯ ದೀಪಕ್ಕೆ ಎದುರುಮನೆಯವರು ಎಣ್ಣೆ ಹೊಯ್ದರು. ಅಮರವನ್ನು ಮರೆತಾಗ ಪಕ್ಕದಲ್ಲಿ ಕುಳಿತವನು ತಿದ್ದಿದನು. ಇವೆಲ್ಲವನ್ನೂ ಮರೆತು, ನನ್ನ ಮನೋದಾರ್ಢ್ಯದಿಂದಲೇ ಓದಿದೆನೆಂದು ನಾನು ನಂಬಿಕೊಂಡಿದ್ದೆನು. ಆ ನಂಬಿಕೆಯಿಂದ ಒಬ್ಬ ದುಡಿಯುವ ಹುಡುಗನನ್ನು ಬೀದಿಯಲ್ಲಿ ಅವಮಾನಪಡಿಸಿದೆನು.

ಮುಂದಿನ ಅವಧಿಗೆ ಅವನೂ ಅವನ ಇಬ್ಬರು ಜೊತೆಗಾರರೂ ಮತ್ತೆ ಹೆಸರನ್ನು ಬರೆಸಿದರು. ಭಾನುವಾರ ಬೆಳಗ್ಗೆ ನಮ್ಮ ಮನೆಯ ನಡುಮನೆಯಲ್ಲಿ ಕುಳಿತರು. ನನಗೆ ಯಂತ್ರಶಾಸ್ತ್ರವು ತಿಳಿಯದು. ಇಂಗ್ಲಿಷಿನ ವಾಕ್ಯವನ್ನು ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ. ಲೆಕ್ಕಕ್ಕೆ ನೆರೆಮನೆಯ ನಿವೃತ್ತ ಎಂಜಿನಿಯರೊಬ್ಬರು ಬಂದರು. ಮೂವರಲ್ಲಿ ಒಬ್ಬನು ಕೆಲಸ ಬದಲಾಗಿ ಬಿಟ್ಟನು. ಇಬ್ಬರು ತಲಾ ಸಾವಿರ ರೂಪಾಯಿ ಶುಲ್ಕವನ್ನು ಕಟ್ಟಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು. ಪ್ರಮಾಣಪತ್ರವನ್ನು ತೋರಿಸಿದಾಗ ಕಾರ್ಖಾನೆಯ ಮೇಲಧಿಕಾರಿಯು, “ಇದು ಡಿಪ್ಲೊಮಾ ಅಲ್ಲವಲ್ಲ,” ಎಂದು ಹಿಂದಕ್ಕೆ ಕೊಟ್ಟರಂತೆ. ಪದವಿಯ ವಿದ್ಯಾರ್ಥಿಗೆ ಆಯೋಗದ ೨೦೨೧ರ ನಿಯಮದಂತೆ ‘ಸ್ವಯಂ’ ಪಾಠಗಳಿಂದ ನೂರಕ್ಕೆ ೪೦ರಷ್ಟು ಅಂಕಭಾರವನ್ನು ಪಡೆಯುವ ಅವಕಾಶವುಂಟು. ಪದವಿಗೆ ಸೇರದ ಕೆಲಸಗಾರನಿಗೆ ಅದು ಬರಿಯ ಕಾಗದವಾಗಿ ಉಳಿಯುವುದು. ಆದರೆ ಹುಡುಗನು ಕುಗ್ಗಲಿಲ್ಲ. ಉಳಿ ಏಕೆ ಬೇಗ ಸವೆಯುತ್ತದೆಂಬುದು ಈಗ ತನಗೆ ತಿಳಿದಿದೆಯೆಂದೂ, ಅದನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರೆಂದೂ ಹೇಳಿದನು.

೬

ವಿದ್ಯೆಗೆ ನಾಲ್ಕು ಪಾದಗಳೆಂದು ನಮ್ಮ ಹಿರಿಯರು ಎಣಿಸುತ್ತಿದ್ದರು: ಒಂದು ಗುರುವಿನಿಂದ, ಒಂದು ತನ್ನ ಬುದ್ಧಿಯಿಂದ, ಒಂದು ಸಹಪಾಠಿಗಳಿಂದ, ಒಂದು ಕಾಲದಿಂದ. ಅಂತರ್ಜಾಲವು ಮೊದಲನೆಯ ಪಾದವನ್ನು ಧಾರಾಳವಾಗಿ ಕೊಟ್ಟಿದೆ. ಎರಡನೆಯದು ಹುಟ್ಟಿನಿಂದಲೇ ಎಲ್ಲ ಕುಲಗಳಲ್ಲಿಯೂ ಹಂಚಿಹೋಗಿದೆ. ಸಹಪಾಠಿಯನ್ನೂ ಬಿಡುವಿನ ಕಾಲವನ್ನೂ ಒದಗಿಸತಕ್ಕವರು ನೆರೆಯವರು, ಎಂದರೆ ನಾವು.

ಇದು ನನ್ನೊಬ್ಬನ ಊಹೆಯಲ್ಲ. ೨೦೧೨ರಲ್ಲಿ ಮಸಾಚುಸೆಟ್ಸ್ ಸಂಸ್ಥೆಯ ವಿದ್ಯುನ್ಮಂಡಲಗಳ ಪಾಠಕ್ಕೆ ೧,೫೪,೭೬೩ ಹೆಸರುಗಳು ಬಂದವು. ೭,೧೫೭ ಮಂದಿ ತೇರ್ಗಡೆಯಾದರು. ೩೪೦ ಮಂದಿ ಪೂರ್ಣಾಂಕವನ್ನು ಪಡೆದರು. ಅವರಲ್ಲೊಬ್ಬನು ಮಂಗೋಲಿಯಾದ ಉಲಾನ್‌ಬಾತರ್ ನಗರದ ಹದಿನೈದು ವರ್ಷದ ಬಾಲಕ. ಮುಕ್ತವಿದ್ಯೆಯ ಮಹಿಮೆಗೆ ಅವನ ಕಥೆಯನ್ನು ಎಲ್ಲರೂ ಹೇಳುವರು. ಆದರೆ ಕಥೆಯ ಉಳಿದರ್ಧವೂ ಇದೆ: ಅವನ ಶಾಲೆಯ ಮುಖ್ಯಸ್ಥರು ಅದೇ ಸಂಸ್ಥೆಯಲ್ಲಿ ಓದಿ ಬಂದವರು, ಸ್ಟ್ಯಾನ್‌ಫರ್ಡಿನಲ್ಲಿ ಕಲಿತ ತರುಣನೊಬ್ಬನು ಪ್ರಯೋಗದ ಉಪಕರಣಗಳನ್ನು ಹೊತ್ತು ಅಲ್ಲಿಗೆ ಹೋಗಿ ಮಕ್ಕಳ ಜೊತೆಯಲ್ಲಿ ಕುಳಿತನು. ಪಾಠವು ಜಾಲದಿಂದ ಬಂದಿತು. ದೀಪವನ್ನು ಮನುಷ್ಯರು ಹಿಡಿದರು.

ನಮ್ಮ ರಾಜ್ಯವೂ ಇದನ್ನು ಕಂಡಿದೆ. ೨೦೨೦ರಲ್ಲಿ ಕೊರೋನಾ ಮಾರಿಯು ಶಾಲೆಗಳನ್ನು ಮುಚ್ಚಿಸಿದಾಗ ಪಾಠಗಳು ಮೊಬೈಲಿಗೂ ಚಂದನ ವಾಹಿನಿಗೂ ಏರಿದವು. ಅವು ಮುಟ್ಟದ ಮಕ್ಕಳೇ ಬಹಳ. ಆಗ ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಹೆಸರಿನಿಂದ ಉಪಾಧ್ಯಾಯರು ವಠಾರಗಳಿಗೂ ಗುಡಿಯ ಜಗಲಿಗಳಿಗೂ ಮರದ ನೆರಳಿಗೂ ಹೋಗಿ ಪಾಠ ಹೇಳಿದರು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ೨೦೨೧ರ ಜನವರಿಯಲ್ಲಿ ಮತ್ತೆ ನಡೆಯಿತು. ಯಂತ್ರವು ಸೋತಲ್ಲಿ ಜಗಲಿಯು ಗೆದ್ದ ಪ್ರಸಂಗವಿದು.

ಭಾಷೆಯ ವಿಷಯದಲ್ಲಿಯೂ ಕೆಲಸವು ಮೊದಲಾಗಿದೆ. ಮುಂಬಯಿಯ ಐ.ಐ.ಟಿ.ಯ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಕಿರುಪಾಠಗಳು ಕನ್ನಡದ ಧ್ವನಿಯಲ್ಲಿಯೂ ದೊರೆಯುತ್ತವೆ. ಎನ್.ಪಿ.ಟಿ.ಇ.ಎಲ್.ನ ಕೆಲವು ಪಾಠಗಳ ಲಿಖಿತರೂಪವು ಕನ್ನಡಕ್ಕೂ ಬಂದಿದೆ. ರಾಜ್ಯದ ಶಿಕ್ಷಣ ಇಲಾಖೆಯೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೂ ಕೂಡಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರಕ್ಕೆ ಸರ್ಕಾರಿ ಶಾಲೆಯ ಉಪಾಧ್ಯಾಯರೇ ಪಾಠಗಳನ್ನು ಬರೆದರು. ಕರ್ನಾಟಕ ಜ್ಞಾನ ಆಯೋಗದ ಪ್ರೇರಣೆಯಿಂದ ಹುಟ್ಟಿದ ‘ಕಣಜ’ವೆಂಬ ಕನ್ನಡ ಜ್ಞಾನಕೋಶವನ್ನು ಮೊದಲು ಸಿದ್ಧಪಡಿಸಿದುದು ಎಲೆಕ್ಟ್ರಾನಿಕ್ ಸಿಟಿಯ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ. ಹೊಸ ಅಗ್ರಹಾರವು ತನ್ನ ಹಳೆಯ ಹೆಸರಿಗೆ ತಕ್ಕ ಕೆಲಸವನ್ನು ಒಮ್ಮೆಯಾದರೂ ಮಾಡಿತೆಂದು ನನಗೆ ಸಮಾಧಾನ. ಆದರೆ ‘ವಿಜ್ಞಾನ’ ಪತ್ರಿಕೆಯ ಗತಿಯು ಇವುಗಳಿಗೆ ಬಾರದಂತೆ ನೋಡಿಕೊಳ್ಳಬೇಕಾದರೆ ಬರೆಯುವವರೂ ಓದುವವರೂ ಹೆಚ್ಚಬೇಕು.

ಈಗ ನಮ್ಮ ಸಂಘಕ್ಕೆ ಒಂದು ವಿಜ್ಞಾಪನೆ. ನಮ್ಮ ವಾಚನಾಲಯವು ಸಂಜೆ ಏಳು ಗಂಟೆಗೆ ಮುಚ್ಚುತ್ತದೆ. ಹಗಲು ಪಾಳಿಯ ಕೆಲಸಗಾರನು ಮುಖ ತೊಳೆದು ಬಟ್ಟೆ ಬದಲಾಯಿಸಿ ಬರುವ ಹೊತ್ತಿಗೆ ಬೀಗ ಬಿದ್ದಿರುತ್ತದೆ. ವಾರಕ್ಕೆ ಎರಡು ದಿನ ರಾತ್ರಿ ಒಂಬತ್ತೂವರೆಯವರೆಗೂ, ಭಾನುವಾರ ಬೆಳಗ್ಗೆಯೂ ಅದನ್ನು ತೆರೆದಿಡಬೇಕು. ಎರಡು ಮೇಜು, ಆರು ಕುರ್ಚಿ, ಒಂದು ಅಂತರ್ಜಾಲದ ಸಂಪರ್ಕ, ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ತಿಳಿದವರು, ಇಷ್ಟು ಸಾಕು. ನಮ್ಮ ಬೀದಿಗಳಲ್ಲಿ ನಿವೃತ್ತ ಎಂಜಿನಿಯರುಗಳಿಗೂ ಅಧ್ಯಾಪಕಿಯರಿಗೂ ಬರಗಾಲವಿಲ್ಲ. ಪರೀಕ್ಷೆಯ ಶುಲ್ಕಕ್ಕೆ ಒಂದು ಸಣ್ಣ ನಿಧಿಯನ್ನು ಕೂಡಿಸಬಹುದು. ಸಾಲೋಟಗಿಯವರಂತೆ ನಾವೂ ನಮ್ಮ ಮನೆಯ ಮದುವೆ ಮುಂಜಿಗಳಲ್ಲಿ ಅದಕ್ಕೊಂದು ಕಾಣಿಕೆಯನ್ನು ಎತ್ತಿಡಬಹುದು. ಪೀಣ್ಯದ ಮಾಲಿಕರನ್ನು ಕಂಡು, ಇಂಥ ಪ್ರಮಾಣಪತ್ರವನ್ನು ತಂದ ಕೆಲಸಗಾರನನ್ನು ಒಮ್ಮೆ ಪರೀಕ್ಷಿಸಿಯಾದರೂ ನೋಡಿರೆಂದು ಕೇಳಬಹುದು.

ರಾತ್ರಿ ಕಾವಲಿರುವವರಾರೆಂಬ ಆಕ್ಷೇಪಣೆಯು ಕಾರ್ಯಸಮಿತಿಯಲ್ಲಿ ಬರುವುದೆಂದು ಬಲ್ಲೆನು. ನನ್ನ ಮನೆಯು ವಾಚನಾಲಯಕ್ಕೆ ಎರಡು ಬೀದಿಯಾಚೆ ಇದೆ. ಬೀಗದ ಕೈಯನ್ನು ನನ್ನಲ್ಲಿ ಕೊಟ್ಟರೆ ತೆಗೆಯುವ, ದೀಪ ಹಾಕುವ, ಆರಿಸಿ ಮುಚ್ಚುವ ಹೊಣೆಯನ್ನು ನಾನು ಹೊರುವೆನು.